ವಾಸನಿ ಬಂತೇನ?

ಮೌಲಾಲಿ ಅಂಗಡಿಯಿಂದ ಒಂದೂವರಿ ಕಿಲೋ ಜವಾರಿ ಕೋಳಿ,
ತೊಗಲು ಸುಟ್ಟು, ಅರಿಶಿಣ ತಿಕ್ಕಿ ಕೊಟ್ಟಾನ.
ಶಹಾಬಾದದಾಗ ಐತಾರ ಅಂದ್ರ
ಪರಸಿ ಕೊಯ್ಯೋ ಮಿಷಿನ್ನಿಗೂ ರಜಾ.
ಅವತ್ತೊಂದಿನ ಧೂಳು ನೆಲ ಹಿಡದು ಕೂಡತದ,
ಯಾರ ಮನಿ ಒಲಿ ಮ್ಯಾಲ ಏನದ
ಓಣಿಗೆಲ್ಲ ಗೊತ್ತಾಗತದ,

ಅತ್ತಿ ಜಗದೇವಮ್ಮಗ ಒಬ್ಬಾಕಿಗಿ ಬಿಟ್ಟು.

ಹೋದ ದೀಪಾವಳಿ ಮುಂದ ಬಂದ ಜ್ವರ
ಮೈ ಬಿಟ್ಟು ಹೋಗುವಾಗ ಮೂಗು ಒಯ್ತು.
ಡಾಕ್ಟರು ಎರಡು ತಿಂಗಳಂದ್ರು.
ಮತ್ತ ಎರಡಂದ್ರು.
ಈಗ ನಾವು ಕೇಳೋದು ಬಿಟ್ಟೀವಿ.

ಪಡಸಾಲ್ಯಾಗ ಜ್ವಾಳ ಹಸನ ಮಾಡಕೋತ ಕೂತು
'ಗಸಗಸಿ ಸೀದಲತ್ತದ ನೋಡು' ಅನ್ನಾಕಿ,
ನನ್ನ ಕೈಯಾನ ಸೌಟು ಬೆಚ್ಚತಿತ್ತು.
ಹನ್ನೊಂದು ವರ್ಷ ಆ ಮೂಗಿಗಿ ಅಂಜಿ
ಅಡಿಗಿ ಮಾಡಿದಾಕಿ ನಾ.
ಸುಳ್ಳ್ಯಾಕ ಹೇಳ್ಲಿ,
ಅದು ಹೋದ ಮೊದಲ ವಾರ
ನನಗ ಒಂಚೂರು ಹಗರ ಆಗಿತ್ತು.

ಹಸಿ ಕಾಯಿ ನಮ್ಮ ಕಡಿ ಗುಡಿಗಿ.
ಕೋಳಿಗಿ ಒಣ ಕೊಬ್ಬರಿನೇ ಆಗಬೇಕು,
ಗಿಡ ಇಲ್ಲದ ಈ ಕಲ್ಲು ನೆಲಕ್ಕ
ಎಲ್ಲಿಂದಲೋ ಲಾರಿ ಹತ್ತಿ ಬರೂದ್ರಾಗ
ಒಳಗಿನ ನೀರೆಲ್ಲ ಎಣ್ಣಿ ಆಗಿದ್ದು.
ಬಟ್ಟಲ ಇಕ್ಕಳದಾಗ ಹಿಡದು ಉರಿಗಿ ತೋರಸ್ತೀನಿ.
ಅಂಚು ಕೆಂಪಾತು.
ಅತ್ತಿ ರೂಢಿ ಮ್ಯಾಲ ಮೂಗು ಮುಂದ ಚಾಚಿ
ಮೆಲ್ಲಕ ಹಿಂದಕ್ಕ ತಗೊಂಡ್ಳು.

'ವಾಸನಿ ಬಂತೇನ?'
'ಬಂತ್ರಿ.'
'ಎಂಥಾದ್ದು?'
'ಛಲೋ ಅದರಿ.'
'ಛಲೋ ಅನ್ನೂದು ಒಂದು ವಾಸನಿ ಏನ? ನೆಟ್ಟಗ ಹೇಳು.'

ನೆಟ್ಟಗ ಹೆಂಗ ಹೇಳ್ಲಿ.
ಹುಡುಕಿದೆ.
'ನೆತ್ತಿಗಿ ಎಣ್ಣಿ ಒತ್ತಿಸ್ಕೊಂಡ ಕೂಸು
ಬಿಸಲಾಗ ಆಡಿ ಬಂದಂಗ್ರಿ.'
'ಇನ್ನಾ ಹಸಿ ಅದ. ತಿರುವು.'

ನೀಲಿ ಉರಿ ಹತ್ತಿತು, ಎಣ್ಣಿ ಚಟಪಟ ಅಂತು.
'ಈಗ?'
'ಮಾವನೋರು ಬೀಡಿ ಹಚ್ಚಲಾಕ ಹೋಗಿ
ಮಫ್ಲರ್ ಸುಟಗೊಂಡಿದ್ರಲ್ಲ, ಆ ಸಂಜಿ...'
'ತಗೀ, ತಗೀ! ಬರೋಬ್ಬರಿ ಆತು!'
ನಕ್ಕು ನಕ್ಕು ಕೆಮ್ಮು ಬಂತು ಆಕಿಗಿ.
ಗ್ವಾಡಿ ಮ್ಯಾಲಿನ ಫೋಟೋದಾಗ ಮಾವ
ಅದೇ ಮಫ್ಲರ್ ಸುತಗೊಂಡಾರ.

ಸುಟ್ಟ ಉಳ್ಳಾಗಡ್ಡಿ, ಬಳ್ಳೊಳ್ಳಿ, ಧನಿಯಾ,
ಬೊಗಸಿಯಾಗ ಹಾರಿಹೋಗೋವಷ್ಟು ಹಗರ ಕಲ್ಲಹೂವು.
ಮಿಕ್ಸರ್ ಅದ, ಆದ್ರ ಅತ್ತಿ ಇವತ್ತು ಕಲ್ಲಿಗಿ ಕೂತಾಳ.
ಎರಡು ಬೆರಳ ನಡುವ ಮಸಾಲಿ ತಿಕ್ಕಿ
'ತರಿ ಅದ' ಅಂತಾಳ, ಮತ್ತ ಅರಿತಾಳ.
ಆಮ್ಯಾಲ ಬೋಗಾಣಿಗಿ ಕಿವಿ ಕೊಟ್ಟು ನಿಂದರತಾಳ.
ನೀರು ಕುದಿಯೋ ಸಪ್ಪಳ ಬ್ಯಾರೆ,
ಎಣ್ಣಿ ಬಿಡೋ ಸಪ್ಪಳ ಬ್ಯಾರೆ ಅಂತ.
ಅಷ್ಟರಾಗ ವಾಡಿ ಕಡಿ ಹೋಗೋ ಗೂಡ್ಸ್,
ಐವತ್ತು ಡಬ್ಬಿ, ಗಡಗಡ ಗಡಗಡ.
'ಇದಕ್ಕ ಈಗೇ ಬರಬೇಕಿತ್ತಾ!'
ಮುಚ್ಚಳ ಹಿಡಕೊಂಡು ಕಾಯ್ದಿವಿ ಇಬ್ಬರೂ,
ಕಡೀ ಡಬ್ಬಿ ದಾಟೂತನಾ.

ಬಾಗಲಾಗ ಅಫ್ರೀನ. ಕೈಯಾಗ ಸ್ಟೀಲ್ ಬಟ್ಟಲ.
'ಚಾಚಿ, ನಾನಿ ಕೇಳ್ಯಾಳ,
ನಿಮ್ಮನ್ಯಾಗ ಇವತ್ತು ಕೋಳಿ ಏನಂತ.'
ಅತ್ತಿ ನನ್ನ ನೋಡಿದ್ಳು,
ಪರೀಕ್ಷಾ ಪಾಸಾದ ಹುಡುಗಿ ಹಂಗ.
'ಮೂರನೇ ಮನಿತನಾ ಹೋಗ್ಯದ!'
ಬಟ್ಟಲ ತುಂಬಿಸಿ,
ಮಗ ಸಾಯಬಣ್ಣಗ ಅಂತ ತಗದಿಟ್ಟ ಕಾಲಿನ ತುಂಡೂ
ಅದರಾಗೇ ಇಟ್ಟಳು.

ಮಧ್ಯಾಹ್ನ ಎರಡಕ್ಕ, ಬಿಸಿ ರೊಟ್ಟಿ.
ತುತ್ತು ಬಾಯಾಗ ಹೊರಳಿಸಿದ್ಳು ಭಾಳ ಹೊತ್ತು.
'ಉಪ್ಪದ. ಖಾರದ.
ಉಳದಿದ್ದು ನೀ ಹೇಳು.'

ರೊಟ್ಟಿ ಮುರದವಳು ಹಂಗೇ ಕೈ ತಡದು
ಕಲ್ಲಹೂವಿನಿಂದ ಸುರು ಮಾಡಿದೆ:
ಅತ್ತಿ, ಮೊದಲ ಮಳಿ ಅಲ್ಲ,
ಮಳಿ ಮುಗದ ಮ್ಯಾಲ
ಖಣ್ಯಾಗ ನಿಂತ ನೀರು ಆರಿ,
ಕಲ್ಲು ಒಂದು ಕಡಿ ಒಣಗಿ, ಒಂದು ಕಡಿ ಹಸಿ ಇರತದ ನೋಡ್ರಿ...